ಗಡ್ಡೆಯ ಗುರುತು, ಆಯುಷ್ಯದ ಲೆಕ್ಕ

ಮೆದುಳಿನ ಗಡ್ಡೆಗೆ ಆಪರೇಷನ್ ಆಗಿ, ಬಯಾಪ್ಸಿ ವರದಿ ಕೈಗೆ ಬಂದ ದಿನ ಮನೆಯವರು ವೈದ್ಯರನ್ನು ಕೇಳುವ ಪ್ರಶ್ನೆ ಎಲ್ಲ ಊರುಗಳಲ್ಲೂ ಒಂದೇ: ‘ಇನ್ನ ಎಷ್ಟ ದಿನಾ ಇರ್ತಾರ್ರೀ?’ ಟೆಲ್ಕೊ, ಬಜಾಜ್ ಕಾರ್ಖಾನೆಗಳ ಕಾಲದಿಂದ ಬೀದರ, ಕಲಬುರಗಿ, ವಿಜಯಪುರ, ಬಾಗಲಕೋಟೆಗಳ ಕಡೆಯಿಂದ ಬಂದು ಪುಣೆ ಪಕ್ಕದ ಪಿಂಪ್ರಿ-ಚಿಂಚವಾಡದ ಭೋಸರಿ, ಆಕುರ್ಡಿ, ನಿಗಡಿಗಳಲ್ಲಿ ನೆಲೆ ನಿಂತ ಕನ್ನಡ ಮನೆಗಳಲ್ಲೂ ಈ ಪ್ರಶ್ನೆ ಹುಟ್ಟುತ್ತದೆ. ಈಚಿನ ವರ್ಷಗಳಲ್ಲಿ ಇದಕ್ಕೆ ಉತ್ತರ ವರದಿಯಲ್ಲೇ ಅಚ್ಚಾಗಿ ಬರುತ್ತದೆ ಎಂಬ ನಂಬಿಕೆಯೊಂದು ಹರಡುತ್ತಿದೆ. ವರದಿಯ ಕೊನೆಯ ಸಾಲುಗಳಲ್ಲಿ ಐಡಿಎಚ್, ಎಟಿಆರ್‌ಎಕ್ಸ್, ಎಂಜಿಎಂಟಿ, 1ಪಿ/19ಕ್ಯೂ ಎಂಬ ಹೆಸರುಗಳಿರುತ್ತವೆ. ಅವು ಗಡ್ಡೆಯ ಜೀವಕೋಶಗಳ ಒಳಗೆ ಜೀನುಗಳಲ್ಲಿ ಆಗಿರುವ ಬದಲಾವಣೆಗಳ ಗುರುತುಗಳು. ಅವುಗಳನ್ನು ನೋಡಿ ರೋಗಿ ಎಷ್ಟು ಕಾಲ ಬದುಕಬಹುದೆಂದು ಅಂದಾಜು ಕಟ್ಟಬಹುದೆಂಬುದು ಸುಳ್ಳಲ್ಲ. ಆದರೆ ಆ ಅಂದಾಜು ಗಡ್ಡೆಯೊಂದರದ್ದೇ ಅಲ್ಲ, ಗಡ್ಡೆಗೆ ಕೊಟ್ಟ ಚಿಕಿತ್ಸೆಯದ್ದೂ ಹೌದು. ಚಿಕಿತ್ಸೆ ಬದಲಾದರೆ ಅದೇ ಗುರುತು ಬೇರೆಯೇ ಅಂಕಿ ಕೊಡುತ್ತದೆ. ಹಾಗಾಗಿ ಈ ಪರೀಕ್ಷೆಗಳನ್ನು ಆಯುಷ್ಯ ಎಣಿಸುವುದಕ್ಕೆ ಬಳಸುವುದಕ್ಕಿಂತ ಚಿಕಿತ್ಸೆ ಆರಿಸುವುದಕ್ಕೆ ಬಳಸಬೇಕು, ಮತ್ತು ಹಾಗೆ ಬಳಸಬೇಕೆಂದಾದರೆ ಅವು ಚಿಕಿತ್ಸೆ ಶುರುವಾಗುವ ಮೊದಲೇ ಪ್ರತಿಯೊಬ್ಬ ರೋಗಿಗೂ ಸಿಗಬೇಕು. ಇಂದು ನಾನು ವಾದಿಸಬೇಕೆಂದಿರುವುದು ಇಷ್ಟನ್ನೇ.

ಮೆದುಳಿನಲ್ಲೇ ಹುಟ್ಟುವ ಕ್ಯಾನ್ಸರುಗಳಲ್ಲಿ ಮುಖ್ಯವಾದವು ಗ್ಲಯೋಮಾಗಳು. ನರಕೋಶಗಳಿಗೆ ಆಸರೆಯಾಗಿರುವ ಗ್ಲಯಾ ಕೋಶಗಳ ಬಳಗದವು. 1926ರಲ್ಲಿ ಅಮೆರಿಕದ ಪರ್ಸಿವಲ್ ಬೇಲಿ ಮತ್ತು ಹಾರ್ವೆ ಕುಷಿಂಗ್ ಇವುಗಳನ್ನು ಮೊದಲ ಸಲ ವ್ಯವಸ್ಥಿತವಾಗಿ ವಿಂಗಡಿಸಿದರು. ಸೂಕ್ಷ್ಮದರ್ಶಕದಲ್ಲಿ ಕೋಶಗಳ ಆಕಾರ ನೋಡುವುದು, ಆ ಆಕಾರದ ಗಡ್ಡೆಯಿದ್ದವರು ಎಷ್ಟು ಕಾಲ ಬದುಕಿದರೆಂದು ಲೆಕ್ಕ ಇಡುವುದು ಅವರ ಕ್ರಮ. ಅಂದರೆ ಆಯುಷ್ಯದ ಪ್ರಶ್ನೆ ಈ ಶಾಸ್ತ್ರದ ಹುಟ್ಟಿನಲ್ಲೇ ಇತ್ತು. ಮುಂದೆ ಎಂಟು ದಶಕ ಇದೇ ಕ್ರಮ ನಡೆಯಿತು. ನಕ್ಷತ್ರದಂತೆ ಚಾಚಿದ ಕೋಶಗಳಿದ್ದರೆ ಆಸ್ಟ್ರೋಸೈಟೋಮಾ, ದುಂಡಗೆ ತಿಳಿಬಣ್ಣದ ಅಂಚಿದ್ದರೆ ಆಲಿಗೋಡೆಂಡ್ರೋಗ್ಲಯೋಮಾ, ಸತ್ತ ಅಂಗಾಂಶವೂ ಹೊಸ ರಕ್ತನಾಳಗಳೂ ತುಂಬಿದ್ದರೆ ಎಲ್ಲಕ್ಕಿಂತ ಕ್ರೂರವಾದ ಗ್ಲಯೋಬ್ಲಾಸ್ಟೋಮಾ. ತೊಡಕು ಏನೆಂದರೆ, ಒಂದೇ ಸ್ಲೈಡನ್ನು ನೋಡಿದ ಇಬ್ಬರು ನುರಿತ ರೋಗಶಾಸ್ತ್ರಜ್ಞರು ಎರಡು ಹೆಸರು ಹೇಳುವುದಿತ್ತು. ಒಂದೇ ಹೆಸರು ಹೊತ್ತ ಇಬ್ಬರು ರೋಗಿಗಳಲ್ಲಿ ಒಬ್ಬರು ವರ್ಷದೊಳಗೆ ತೀರಿಕೊಂಡರೆ ಇನ್ನೊಬ್ಬರು ಹತ್ತು ವರ್ಷ ಬದುಕುವುದೂ ಇತ್ತು. ಕಣ್ಣಿಗೆ ಕಾಣುವ ಆಕಾರದ ಹಿಂದೆ ಕಾಣದ ಯಾವುದೋ ವ್ಯತ್ಯಾಸ ಕೆಲಸ ಮಾಡುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

2008ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಸಂಶೋಧಕರು 22 ಗ್ಲಯೋಬ್ಲಾಸ್ಟೋಮಾ ಗಡ್ಡೆಗಳಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜೀನುಗಳನ್ನು ಓದಿದಾಗ ಯಾರೂ ನಿರೀಕ್ಷಿಸದ ಒಂದು ಜೀನು ಎದುರಾಯಿತು. ಅದು ಐಡಿಎಚ್-1. ಜೀವಕೋಶದ ದಿನನಿತ್ಯದ ರಸಾಯನಕ್ರಿಯೆಗೆ ಸೇರಿದ ಜೀನು ಅದು, ಕ್ಯಾನ್ಸರಿನ ಚರ್ಚೆಯಲ್ಲಿ ಅದರ ಹೆಸರೇ ಇರಲಿಲ್ಲ. ಅದರಲ್ಲಿ ಒಂದೇ ಜಾಗದಲ್ಲಿ, 132ನೆಯ ಸ್ಥಾನದಲ್ಲಿ, ಒಂದು ಅಮೈನೋ ಆಮ್ಲ ಬದಲಾಗಿತ್ತು. ಮರುವರ್ಷ ಪ್ರಕಟವಾದ ದೊಡ್ಡ ಅಧ್ಯಯನದ ಲೆಕ್ಕ ನೋಡಿ. ಗ್ಲಯೋಬ್ಲಾಸ್ಟೋಮಾ ಎಂದು ಹೆಸರಿಟ್ಟ ರೋಗಿಗಳಲ್ಲಿ ಐಡಿಎಚ್ ಬದಲಾವಣೆ ಇದ್ದವರ ಮಧ್ಯಾಂಕ ಬದುಕು, ಅಂದರೆ ಅರ್ಧ ಜನ ದಾಟಿ ಬದುಕಿದ ಕಾಲ, 31 ತಿಂಗಳು, ಇಲ್ಲದವರದ್ದು 15 ತಿಂಗಳು. ಅದಕ್ಕಿಂತ ಒಂದು ದರ್ಜೆ ಕೆಳಗಿನ ಆಸ್ಟ್ರೋಸೈಟೋಮಾದಲ್ಲಿ ಇದ್ದವರಿಗೆ 65 ತಿಂಗಳು, ಇಲ್ಲದವರಿಗೆ 20. ಈ ಅಂಕಿಗಳನ್ನು ಅಡ್ಡಡ್ಡವಾಗಿ ಓದಿದರೆ ವಿಷಯ ತಿಳಿಯುತ್ತದೆ: ಕೆಳದರ್ಜೆಯ ಗಡ್ಡೆಯಿದ್ದೂ ಬದಲಾವಣೆ ಇಲ್ಲದವರು, ಮೇಲ್ದರ್ಜೆಯ ಗಡ್ಡೆಯಿದ್ದು ಬದಲಾವಣೆ ಇದ್ದವರಿಗಿಂತ ಬೇಗ ಸಾಯುತ್ತಿದ್ದರು. ಇವು ಒಂದೇ ರೋಗದ ಎರಡು ಹಂತಗಳಲ್ಲ, ಎರಡು ಬೇರೆ ರೋಗಗಳು. ವಿಶ್ವ ಆರೋಗ್ಯ ಸಂಸ್ಥೆ 2016ರ ವರ್ಗೀಕರಣದಲ್ಲಿ ಇದನ್ನು ಒಪ್ಪಿಕೊಂಡಿತು. 2021ರ ವರ್ಗೀಕರಣ ಇನ್ನೂ ಮುಂದೆ ಹೋಗಿ, ವಯಸ್ಕರಲ್ಲಿ ಐಡಿಎಚ್ ಬದಲಾವಣೆ ಇರುವ ಗಡ್ಡೆಗೆ ಗ್ಲಯೋಬ್ಲಾಸ್ಟೋಮಾ ಎಂಬ ಹೆಸರನ್ನೇ ಕೊಡಬಾರದೆಂದಿತು. ಸೂಕ್ಷ್ಮದರ್ಶಕದಲ್ಲಿ ಸೌಮ್ಯವಾಗಿ ಕಂಡರೂ ಆ ಬದಲಾವಣೆ ಇಲ್ಲದೆ ಟರ್ಟ್, ಇಜಿಎಫ್‌ಆರ್‌ನಂಥ ಜೀನುಗಳಲ್ಲಿ ನಿರ್ದಿಷ್ಟ ದೋಷಗಳಿರುವ ಗಡ್ಡೆಯನ್ನು ಗ್ಲಯೋಬ್ಲಾಸ್ಟೋಮಾ ಎಂದೇ ಕರೆಯಬೇಕೆಂದಿತು.

ಇಲ್ಲಿಯವರೆಗಿನ ಕಥೆ ಕೇಳಿದವರಿಗೆ, ಹಾಗಾದರೆ ಜೀನಿನಲ್ಲಿ ಆಯುಷ್ಯ ಬರೆದಿದೆ ಎಂದೇ ಅನಿಸೀತು. ಹಾಗಲ್ಲವೆಂದು ತೋರಿಸುವ ಪುರಾವೆ ಆಲಿಗೋಡೆಂಡ್ರೋಗ್ಲಯೋಮಾದಿಂದ ಬಂತು, ಮತ್ತು ಈ ಇಡೀ ವಿಷಯದಲ್ಲಿ ಅದಕ್ಕಿಂತ ಬಲವಾದ ಪುರಾವೆ ಇನ್ನೊಂದಿಲ್ಲವೆಂದು ನನ್ನ ಎಣಿಕೆ. ಈ ಗಡ್ಡೆಗಳಲ್ಲಿ 1ನೆಯ ವರ್ಣತಂತುವಿನ ಗಿಡ್ಡ ತೋಳೂ 19ನೆಯದರ ಉದ್ದ ತೋಳೂ ಒಟ್ಟಿಗೆ ಕಳೆದುಹೋಗಿರುತ್ತವೆ. ವರದಿಯಲ್ಲಿ 1ಪಿ/19ಕ್ಯೂ ಎಂದು ಬರೆಯುವುದು ಇದನ್ನೇ. 1998ರಲ್ಲಿ ಕೆನಡಾದ ಗ್ರೆಗರಿ ಕೇರ್ನ್‌ಕ್ರಾಸ್ ಮತ್ತು ಸಂಗಡಿಗರು, ಈ ನಷ್ಟ ಇರುವ ಗಡ್ಡೆಗಳು ಕೀಮೋಗೆ ಚೆನ್ನಾಗಿ ಬಗ್ಗುತ್ತವೆಂದು ವರದಿ ಮಾಡಿದ್ದರು. ಉತ್ತರ ಅಮೆರಿಕದಲ್ಲಿ ಅದಾಗಲೇ ಒಂದು ದೊಡ್ಡ ಪ್ರಯೋಗ ನಡೆಯುತ್ತಿತ್ತು. 291 ರೋಗಿಗಳು, ಅರ್ಧ ಜನರಿಗೆ ಬರೀ ಕಿರಣ ಚಿಕಿತ್ಸೆ, ನಮ್ಮ ಜನ ಕರೆಂಟ್ ಕೊಡುವುದು ಎನ್ನುತ್ತಾರಲ್ಲ, ಅದು. ಇನ್ನರ್ಧ ಜನರಿಗೆ ಅದರ ಜೊತೆ ಪ್ರೊಕಾರ್ಬಜೀನ್, ಲೊಮುಸ್ಟೀನ್, ವಿನ್‌ಕ್ರಿಸ್ಟೀನ್ ಎಂಬ ಮೂರು ಹಳೆಯ ಔಷಧಗಳ ಕೀಮೋ. ಎಲ್ಲರನ್ನೂ ಒಟ್ಟಿಗೆ ಎಣಿಸಿದಾಗ ಎರಡು ಗುಂಪುಗಳ ಮಧ್ಯಾಂಕ ಬದುಕು ಕ್ರಮವಾಗಿ 4.7 ವರ್ಷ, 4.6 ವರ್ಷ. ಅಂದರೆ ಕೀಮೋದಿಂದ ಏನೂ ಆಗಲಿಲ್ಲ ಎಂದೇ ತೀರ್ಪು ಬರೆಯಬಹುದಿತ್ತು. ಆದರೆ ದೀರ್ಘಕಾಲ ಕಾದು 2013ರಲ್ಲಿ ಗುರುತಿನ ಪ್ರಕಾರ ಬಿಡಿಸಿ ನೋಡಿದಾಗ ಚಿತ್ರವೇ ಬೇರೆಯಾಯಿತು. 1ಪಿ/19ಕ್ಯೂ ನಷ್ಟ ಇದ್ದವರಲ್ಲಿ ಬರೀ ಕಿರಣ ಪಡೆದವರಿಗೆ 7.3 ವರ್ಷ, ಕೀಮೋವನ್ನೂ ಪಡೆದವರಿಗೆ 14.7 ವರ್ಷ. ನಷ್ಟ ಇಲ್ಲದವರಲ್ಲಿ 2.7 ಮತ್ತು 2.6 ವರ್ಷ, ವ್ಯತ್ಯಾಸವೇ ಇಲ್ಲ. ಯುರೋಪಿನಲ್ಲಿ ಬೇರೆಯಾಗಿ ನಡೆದ ಪ್ರಯೋಗವೂ ಅದೇ ವರ್ಷ ಅದೇ ದಿಕ್ಕಿನ ಫಲಿತಾಂಶ ಕೊಟ್ಟಿತು. ಈಗ ಕೇಳಬೇಕಾದ ಪ್ರಶ್ನೆ ಇದು: 1ಪಿ/19ಕ್ಯೂ ಎಂಬ ಗುರುತು ಎಷ್ಟು ಆಯುಷ್ಯ ಹೇಳುತ್ತದೆ? ಏಳು ವರ್ಷವೋ ಹದಿನಾಲ್ಕೋ? ಗುರುತು ಒಂದೇ ಇದ್ದೂ ಉತ್ತರ ಎರಡಿವೆ. ನಡುವಿನ ಏಳು ವರ್ಷ ಗಡ್ಡೆಯ ಸ್ವಭಾವದಲ್ಲಿ ಇರಲಿಲ್ಲ, ವೈದ್ಯರು ಬರೆದ ಚೀಟಿಯಲ್ಲಿತ್ತು.

ಇನ್ನೊಂದು ಗುರುತು ಎಂಜಿಎಂಟಿ. ಗ್ಲಯೋಬ್ಲಾಸ್ಟೋಮಾಕ್ಕೆ ಇಂದು ಎಲ್ಲೆಡೆ ಕೊಡುವ ಔಷಧ ಟೆಮೊಝೊಲೊಮೈಡ್, ನಮ್ಮ ದೇಶದ ಕಂಪನಿಗಳೂ ತಯಾರಿಸುವ ಕ್ಯಾಪ್ಸೂಲು. ಅದು ಗಡ್ಡೆಕೋಶದ ಡಿಎನ್‌ಎಗೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ತುಣುಕನ್ನು ಅಂಟಿಸಿ ಕೋಶವನ್ನು ಸಾಯಿಸುತ್ತದೆ. ಎಂಜಿಎಂಟಿ ಎಂಬ ಪ್ರೋಟೀನಿನ ಕೆಲಸ ಆ ತುಣುಕನ್ನು ಕಿತ್ತು ಡಿಎನ್‌ಎಯನ್ನು ರಿಪೇರಿ ಮಾಡುವುದು. ಒಂದು ಅಣು ಒಂದೇ ರಿಪೇರಿ ಮಾಡಿ ತಾನೂ ನಾಶವಾಗುತ್ತದೆ. ಕೆಲವರ ಗಡ್ಡೆಯಲ್ಲಿ ಆ ಪ್ರೋಟೀನನ್ನು ತಯಾರಿಸುವ ಜೀನಿಗೇ ಬೀಗ ಬಿದ್ದಿರುತ್ತದೆ. ಅಂಥ ಗಡ್ಡೆ ರಿಪೇರಿಯ ಶಕ್ತಿ ಕಳೆದುಕೊಂಡು ಔಷಧಕ್ಕೆ ಸೋಲುತ್ತದೆ. 2005ರಲ್ಲಿ ಸ್ವಿಟ್ಜರ್ಲೆಂಡಿನ ಮೋನಿಕಾ ಹೇಗಿ ತಂಡದ ಲೆಕ್ಕದಲ್ಲಿ, ಜೀನು ಮುಚ್ಚಿದ್ದವರಿಗೆ ಕಿರಣದ ಜೊತೆ ಈ ಔಷಧ ಕೊಟ್ಟಾಗ ಮಧ್ಯಾಂಕ ಬದುಕು 21.7 ತಿಂಗಳು, ಬರೀ ಕಿರಣ ಕೊಟ್ಟಾಗ 15.3. ಜೀನು ತೆರೆದಿದ್ದವರಲ್ಲಿ 12.7 ಮತ್ತು 11.8. ಇದಕ್ಕಿಂತ ಸ್ಪಷ್ಟವಾದ ಮಾತು 2012ರ ಉತ್ತರ ಯುರೋಪಿನ ಪ್ರಯೋಗದ್ದು. ಅಲ್ಲಿದ್ದವರೆಲ್ಲ 60 ದಾಟಿದ ರೋಗಿಗಳು. ಬರೀ ಟೆಮೊಝೊಲೊಮೈಡ್ ಪಡೆದವರಲ್ಲಿ ಜೀನು ಮುಚ್ಚಿದ್ದವರು 9.7 ತಿಂಗಳು, ತೆರೆದಿದ್ದವರು 6.8 ತಿಂಗಳು ಬದುಕಿದರು. ಬರೀ ಕಿರಣ ಪಡೆದವರಲ್ಲಿ ಆ ಗುರುತಿನಿಂದ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಔಷಧ ಇದ್ದಲ್ಲಿ ಮಾತ್ರ ಗುರುತಿಗೆ ಅರ್ಥ ಬಂತು. ಕುಟುಂಬಗಳಿಗೆ ಇದರ ಬೆಲೆ ಏನೆಂದು ಯೋಚಿಸಿ. ಎಪ್ಪತ್ತು ದಾಟಿದ ನಿವೃತ್ತ ಕಾರ್ಮಿಕರೊಬ್ಬರನ್ನು ವಾರಗಟ್ಟಲೆ ದಿನಾ ಕರೆಂಟ್ ಕೊಡಿಸಲು ಆಟೋದಲ್ಲಿ ಕೂರಿಸಿ ಕರೆದೊಯ್ಯಬೇಕೇ, ಅಥವಾ ಮನೆಯಲ್ಲೇ ಕ್ಯಾಪ್ಸೂಲು ನುಂಗಿಸಿದರೆ ಸಾಕೇ ಎಂಬ ತೀರ್ಮಾನ ಈ ಒಂದು ಪರೀಕ್ಷೆಯ ಮೇಲೆ ನಿಂತಿದೆ. ಕಿರಿಯ ರೋಗಿಗಳಲ್ಲಿ ಈ ಪರೀಕ್ಷೆಗೆ ಅಷ್ಟು ಬಲ ಇಲ್ಲವೆಂಬುದನ್ನೂ ಹೇಳಬೇಕು. ಜೀನು ತೆರೆದಿದ್ದರೂ ಅವರಿಗೆ ಟೆಮೊಝೊಲೊಮೈಡ್ ಕೊಡುವುದು ರೂಢಿ, ಏಕೆಂದರೆ ಅದಕ್ಕಿಂತ ಮೇಲಾದ ಔಷಧ ಸಿಕ್ಕಿಲ್ಲ.

ಗುರುತು ಒಳ್ಳೆಯದಿದ್ದರೆ ಚಿಕಿತ್ಸೆ ಕಡಿಮೆ ಮಾಡಬಹುದಲ್ಲವೇ ಎಂಬ ಪ್ರಶ್ನೆ ಸಹಜ. ಅದಕ್ಕೆ ಉತ್ತರ ನಮ್ಮ ಪಕ್ಕದಲ್ಲೇ, ನವಿ ಮುಂಬೈಯ ಖಾರ್ಘರದಲ್ಲಿರುವ ಟಾಟಾ ಸ್ಮಾರಕ ಕೇಂದ್ರದ ಆಕ್ಟ್ರೆಕ್ ಸಂಸ್ಥೆಯಿಂದ ಬಂದಿದೆ. ಮಕ್ಕಳ ಹಿಮ್ಮೆದುಳಿನಲ್ಲಿ ಹುಟ್ಟುವ ಮೆಡುಲ್ಲೋಬ್ಲಾಸ್ಟೋಮಾ ಜೀನುಗಳ ಪ್ರಕಾರ ನಾಲ್ಕು ಬಗೆ. ಅದರಲ್ಲಿ ವಿಂಟ್ ಎಂಬ ಬಗೆಯ ಮಕ್ಕಳು ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಐದು ವರ್ಷ ದಾಟಿ ಬದುಕುತ್ತಾರೆ. ಈ ಬಗೆಗಳನ್ನು ಮೇಣದಲ್ಲಿ ಕಾದಿಟ್ಟ ಅಂಗಾಂಶದಿಂದಲೇ, ಕಡಿಮೆ ಖರ್ಚಿನಲ್ಲಿ ಪತ್ತೆ ಮಾಡುವ ವಿಧಾನವನ್ನು ಆಕ್ಟ್ರೆಕ್‌ನ ನೀಲಂ ಶಿರಸಾಟ್ ತಂಡ ರೂಪಿಸಿ 2013ರಲ್ಲಿ ಪ್ರಕಟಿಸಿತು. ಇಡೀ ಮೆದುಳು ಮತ್ತು ಬೆನ್ನುಹುರಿಗೆ ಕಿರಣ ಕೊಟ್ಟರೆ ಬೆಳೆಯುವ ಮಗುವಿನ ಎತ್ತರ, ಹಾರ್ಮೋನು, ಓದುವ ಶಕ್ತಿ ಎಲ್ಲಕ್ಕೂ ಪೆಟ್ಟು. ಹಾಗಾಗಿ ವಿಂಟ್ ಮಕ್ಕಳಿಗೆ ಗಡ್ಡೆ ಇದ್ದ ಜಾಗಕ್ಕೆ ಮಾತ್ರ ಕಿರಣ ಕೊಟ್ಟು ನೋಡೋಣವೆಂದು ಅಲ್ಲಿನ ತೇಜ್‌ಪಾಲ್ ಗುಪ್ತಾ ಮತ್ತು ಸಂಗಡಿಗರು ಒಂದು ಪುಟ್ಟ ಪ್ರಯೋಗ ಕೈಗೊಂಡರು. ರೋಗ ಗಡ್ಡೆಯ ಜಾಗದ ಹೊರಗೆ ಮರುಕಳಿಸತೊಡಗಿತು. ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿ 2022ರಲ್ಲಿ ಫಲಿತಾಂಶವನ್ನು ಮುಚ್ಚುಮರೆಯಿಲ್ಲದೆ ಪ್ರಕಟಿಸಿದರು. ಸೋತ ಪ್ರಯೋಗವನ್ನು ಹೀಗೆ ಲೋಕದ ಮುಂದಿಡುವುದು ವೈದ್ಯವಿಜ್ಞಾನದ ಅತ್ಯಂತ ಗೌರವದ ಕೆಲಸ. ಆ ತೊಂಬತ್ತು ಎಂಬ ಅಂಕಿ ವಿಂಟ್ ಜೀನಿನದ್ದಷ್ಟೇ ಆಗಿರಲಿಲ್ಲ. ಬೆನ್ನುಹುರಿಗೆ ಕೊಡುತ್ತಿದ್ದ ಕಿರಣವೂ ಅದರೊಳಗೆ ಸೇರಿತ್ತು. ಎಷ್ಟು ಕಡಿಮೆ ಮಾಡಬಹುದೆಂಬುದನ್ನು ಪ್ರಯೋಗ ಮಾಡಿಯೇ ತಿಳಿಯಬೇಕು, ಗುರುತನ್ನು ನೋಡಿ ಊಹಿಸುವಂತಿಲ್ಲ.

ಇದು ಮೆದುಳಿನ ಕ್ಯಾನ್ಸರಿಗೆ ಮಾತ್ರ ಸೇರಿದ ಸಂಗತಿಯಲ್ಲ. ಪಿಂಪ್ರಿಯ ಹಿಂದುಸ್ತಾನ್ ಆಂಟಿಬಯೋಟಿಕ್ಸ್ ಕಾರ್ಖಾನೆ ಈ ಊರಿನ ಹಳಬರಿಗೆಲ್ಲ ಗೊತ್ತು. 1954ರಲ್ಲಿ ಸ್ಥಾಪನೆಯಾದ, ದೇಶದಲ್ಲಿ ಪೆನಿಸಿಲಿನ್ ತಯಾರಿಸಿದ ಸರ್ಕಾರಿ ಕಾರ್ಖಾನೆ. ಪೆನಿಸಿಲಿನ್ ಬರುವ ಮುಂಚೆ, ಕಳೆದ ಶತಮಾನದ ಮೊದಲ ದಶಕಗಳಲ್ಲಿ, ನ್ಯುಮೋನಿಯಾ ರೋಗಿಯ ಕಫದಲ್ಲಿರುವ ರೋಗಾಣು ಯಾವ ಬಗೆಯದೆಂದು ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯವರು ಪರೀಕ್ಷಿಸುತ್ತಿದ್ದರು. ಒಂದನೆಯ ಬಗೆಗೆ ಕುದುರೆಯ ರಕ್ತದಿಂದ ತೆಗೆದ ಸೀರಮ್ ಕೆಲಸ ಮಾಡುತ್ತಿತ್ತು. ಮೂರನೆಯ ಬಗೆ ಎಂದರೆ ಸಾವು ಹೆಚ್ಚು. ಆ ದಿನಗಳಲ್ಲಿ ಬದುಕು ಸಾವನ್ನು ಮುಂಗಾಣಿಸುವ ಗುರುತೆಂದರೆ ಅದೇ. ಪೆನಿಸಿಲಿನ್ ಬಂದ ಮೇಲೆ ಹಾಸಿಗೆಯ ಪಕ್ಕ ಆ ಪರೀಕ್ಷೆ ಮಾಡುವ ಅಗತ್ಯವೇ ಉಳಿಯಲಿಲ್ಲ. ರೋಗಾಣು ಬದಲಾಗಿರಲಿಲ್ಲ, ಔಷಧ ಬದಲಾಗಿತ್ತು. ಅದೇ ರೋಗಾಣುವಿನ ಬಗೆಗಳನ್ನು ಬೆನ್ನಟ್ಟುತ್ತಲೇ ಆಸ್ವಾಲ್ಡ್ ಏವರಿ ಮತ್ತು ಸಂಗಡಿಗರು 1944ರಲ್ಲಿ, ಜೀನುಗಳು ಡಿಎನ್‌ಎಯಿಂದ ಆದವು ಎಂಬುದಕ್ಕೆ ಮೊದಲ ಗಟ್ಟಿ ಸಾಕ್ಷ್ಯ ಕೊಟ್ಟರು. ಇಂದು ನಾವು ಗಡ್ಡೆಯ ಜೀನು ಓದುತ್ತಿರುವುದರ ಬೇರು ಆ ಹಳೆಯ ನ್ಯುಮೋನಿಯಾ ಪರೀಕ್ಷೆಯಲ್ಲಿದೆ.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು: ಈ ಅಂಕಿಗಳೆಲ್ಲ ಯುರೋಪು, ಅಮೆರಿಕದ ರೋಗಿಗಳದ್ದು, ನಮ್ಮವರಿಗೆ ಇವು ಹೇಗೆ ಅನ್ವಯಿಸುತ್ತವೆ? ಇದು ನ್ಯಾಯವಾದ ಪ್ರಶ್ನೆ, ಮತ್ತು ಇದಕ್ಕೆ ಉತ್ತರ ಹುಡುಕುವ ಕೆಲಸ ಕರ್ನಾಟಕದಲ್ಲೇ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕುಮಾರವೇಲ್ ಸೋಮಸುಂದರಂ, ನಿಮ್ಹಾನ್ಸ್‌ನ ವಾಣಿ ಸಂತೋಷ್ ಮತ್ತು ಅವರ ಸಹೋದ್ಯೋಗಿಗಳು, ಚಿಕಿತ್ಸೆಗೆ ಹಣವನ್ನೇ ಪಡೆಯದ ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆಯ ನರಶಸ್ತ್ರವೈದ್ಯರು ಕೂಡಿ ವರ್ಷಗಟ್ಟಲೆ ನಮ್ಮ ರೋಗಿಗಳ ಗಡ್ಡೆಗಳನ್ನು ಅಧ್ಯಯನ ಮಾಡಿದ್ದಾರೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 123 ಗ್ಲಯೋಬ್ಲಾಸ್ಟೋಮಾ ರೋಗಿಗಳಿದ್ದರು. ಎಲ್ಲರಿಗೂ ಒಂದೇ ಕ್ರಮದ ಚಿಕಿತ್ಸೆ. ಅವರ ಗಡ್ಡೆಗಳಲ್ಲಿ 175 ಜೀನುಗಳ ಚಟುವಟಿಕೆ ಅಳೆದು, ಅದರಲ್ಲಿ 14 ಜೀನುಗಳ ಒಂದು ಕಟ್ಟು ರೋಗಿಗಳನ್ನು ಹೆಚ್ಚು ಅಪಾಯ, ಕಡಿಮೆ ಅಪಾಯ ಎಂದು ಬೇರ್ಪಡಿಸುವುದನ್ನು ಕಂಡುಕೊಂಡರು. ಆ ಕಟ್ಟನ್ನು ಅಮೆರಿಕದ ಕ್ಯಾನ್ಸರ್ ಜೀನೋಮ್ ಅಟ್ಲಾಸಿನ ರೋಗಿಗಳ ಮೇಲೆ ಹಚ್ಚಿ ನೋಡಿದಾಗ ಅಲ್ಲಿಯೂ ಹೊಂದಿತು. ಬೆಂಗಳೂರಿನ ಗಡ್ಡೆಗಳಲ್ಲಿ ಕಂಡ ಸತ್ಯ ಅಲ್ಲಿನ ಗಡ್ಡೆಗಳಿಗೂ ಸಲ್ಲುತ್ತದೆಂದರೆ, ಅಲ್ಲಿ ಕಂಡದ್ದು ಇಲ್ಲಿ ಸಲ್ಲುವುದಿಲ್ಲವೆಂದು ಮೊದಲೇ ತಳ್ಳಿಹಾಕಲು ಕಾರಣವಿಲ್ಲ. ಪ್ರತಿಯೊಂದನ್ನೂ ಹೀಗೆ ನಮ್ಮ ರೋಗಿಗಳಲ್ಲಿ ಪರೀಕ್ಷಿಸಿಯೇ ಒಪ್ಪಬೇಕೆಂಬ ಮಾತಂತೂ ಉಳಿಯುತ್ತದೆ. ಆ ಅಧ್ಯಯನದ ವಿನ್ಯಾಸವನ್ನೂ ಗಮನಿಸಿ. ಚಿಕಿತ್ಸೆಯನ್ನು ಎಲ್ಲರಿಗೂ ಸಮ ಮಾಡಿದ ಮೇಲಷ್ಟೇ ಜೀನಿನ ಪಾತ್ರ ತಿಳಿಯುತ್ತದೆ ಎಂಬ ಎಚ್ಚರ ಅದರಲ್ಲಿದೆ.

ಅದಕ್ಕೇ ಅಂಟಿಕೊಂಡ ಇನ್ನೊಂದು ಆಕ್ಷೇಪವಿದೆ. 14 ಜೀನು, 10 ಮೈಕ್ರೋ ಆರ್‌ಎನ್‌ಎ, 9 ಜೀನುಗಳ ಮೀಥೈಲ್ ಗುರುತು ಎಂದು ಇದೇ ಬೆಂಗಳೂರು ತಂಡವೇ ಹಲವನ್ನು ಪ್ರಕಟಿಸಿದೆ. ಜಗತ್ತಿನಾದ್ಯಂತ ಇಂಥವು ಲೆಕ್ಕವಿಲ್ಲದಷ್ಟು ಬಂದಿವೆ. ಹಾಗಿದ್ದರೂ ಆಸ್ಪತ್ರೆಯ ವರದಿಯಲ್ಲಿ ನೆಲೆ ನಿಂತದ್ದು ಮೂರು ನಾಲ್ಕು ಮಾತ್ರ. ಉಳಿದದ್ದೆಲ್ಲ ವ್ಯರ್ಥವೇ? ನನಗೆ ಹಾಗನಿಸುವುದಿಲ್ಲ. ಐಡಿಎಚ್, 1ಪಿ/19ಕ್ಯೂ, ಎಂಜಿಎಂಟಿ ಉಳಿದುಕೊಂಡದ್ದು ಅವು ಹೆಚ್ಚು ನಿಖರವಾಗಿ ಆಯುಷ್ಯ ಹೇಳಿದವು ಎಂಬುದಕ್ಕಲ್ಲ. ಅವು ಇದೆ ಅಥವಾ ಇಲ್ಲ ಎಂದು ನೇರವಾಗಿ ಹೇಳಬಲ್ಲವು, ಅದರಲ್ಲೂ ಮೊದಲ ಎರಡರಲ್ಲಿ ಯಾವ ಪ್ರಯೋಗಾಲಯದಲ್ಲಿ ನೋಡಿದರೂ ಬಹುಮಟ್ಟಿಗೆ ಅದೇ ಉತ್ತರ ಬರುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಆ ಉತ್ತರ ಬಂದ ಮೇಲೆ ವೈದ್ಯರು ಬೇರೆಯದೇನನ್ನೋ ಮಾಡಬಲ್ಲರು. ಒಂದೇ ಚಿಕಿತ್ಸೆ ಪಡೆಯಲಿರುವ ರೋಗಿಗಳನ್ನು ಅದೃಷ್ಟವಂತರು, ದುರದೃಷ್ಟರು ಎಂದು ಬೇರ್ಪಡಿಸಿ ಸುಮ್ಮನಾಗುವ ಗುರುತು ಎಷ್ಟೇ ನಿಖರವಿದ್ದರೂ ಹಾಸಿಗೆಯ ಬಳಿ ಕೆಲಸಕ್ಕೆ ಬರುವುದಿಲ್ಲ. ಅವುಗಳ ಬೆಲೆ ಬೇರೆ ಕಡೆ ಇದೆ. ಆ 14 ಜೀನುಗಳ ಅಧ್ಯಯನದಲ್ಲಿ, ಬೇಗ ಸಾಯುವ ಗುಂಪಿನ ಗಡ್ಡೆಗಳಲ್ಲಿ ಉರಿಯೂತ ಮತ್ತು ರೋಗನಿರೋಧಕ ವ್ಯವಸ್ಥೆಗೆ ಸಂಬಂಧಿಸಿದ ಜೀನುಗಳು ಹೆಚ್ಚು ಚುರುಕಾಗಿದ್ದವೆಂದು ತಿಳಿದುಬಂತು. ಮುಂದಿನ ಔಷಧವನ್ನು ಎಲ್ಲಿ ಹುಡುಕಬೇಕೆಂಬುದಕ್ಕೆ ಅದೊಂದು ದಾರಿ. ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಲ್ಲಿ ಅಂಜಲಿ ಶಿರಾಸ್ ಅವರ ತಂಡ ಗ್ಲಯೋಬ್ಲಾಸ್ಟೋಮಾ ಕೋಶಗಳನ್ನು ಬೆಳೆಸಿ ನಡೆಸಿರುವ ಅಧ್ಯಯನವೂ ಇದೇ ಹುಡುಕಾಟದ ಭಾಗ.

ಎರಡನೆಯ ದೊಡ್ಡ ಆಕ್ಷೇಪ ಖರ್ಚಿನದು. ಆಪರೇಷನ್ನಿಗೇ ಸಾಲ ಮಾಡಿದವರಿಗೆ ಜೀನು ಪರೀಕ್ಷೆಯ ಮಾತು ಹೇಳುವುದು ಸರಿಯೇ ಎಂದು ಕೇಳುವವರಿದ್ದಾರೆ. ಇದಕ್ಕೆ ಭಾರತೀಯ ನ್ಯೂರೋ ಆಂಕಾಲಜಿ ಸಂಘದ ಪರವಾಗಿ ವಾಣಿ ಸಂತೋಷ್ ಮತ್ತಿತರರು 2019ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಉತ್ತರವಿದೆ. ನಮ್ಮಲ್ಲಿನ ಸೌಲಭ್ಯಗಳನ್ನು ನೋಡಿಕೊಂಡು, ಮೆಟ್ಟಿಲು ಮೆಟ್ಟಿಲಾಗಿ ಪರೀಕ್ಷೆ ಮಾಡುವ ಕ್ರಮ ಅದು. ಐಡಿಎಚ್ ಬದಲಾವಣೆಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತನ್ನು ಸ್ಲೈಡಿನ ಮೇಲೆ ಪ್ರತಿಕಾಯದ ಬಣ್ಣ ಹಚ್ಚಿಯೇ ಕಾಣಬಹುದು. ಸ್ತನ ಕ್ಯಾನ್ಸರಿಗೆ ಹಾರ್ಮೋನು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಇದಕ್ಕೆ ಬೇಕಾದ ವಿಧಾನ ಆಗಲೇ ಇರುತ್ತದೆ, ಬೇಕಾಗುವುದು ಇನ್ನೊಂದು ಬಗೆಯ ಪ್ರತಿಕಾಯ ಅಷ್ಟೇ. ಅದರ ಜೊತೆ ಎಟಿಆರ್‌ಎಕ್ಸ್ ಎಂಬ ಪ್ರೋಟೀನನ್ನು ತೋರಿಸುವ ಇನ್ನೊಂದು ಬಣ್ಣ. ಐಡಿಎಚ್ ಬದಲಾಗಿ ಎಟಿಆರ್‌ಎಕ್ಸ್ ಕಳೆದುಹೋಗಿದ್ದರೆ ಅದು ಆಸ್ಟ್ರೋಸೈಟೋಮಾ, ದುಬಾರಿಯಾದ 1ಪಿ/19ಕ್ಯೂ ಪರೀಕ್ಷೆಯೇ ಬೇಡ. ಎಟಿಆರ್‌ಎಕ್ಸ್ ಉಳಿದಿದ್ದರೆ ಮಾತ್ರ ಅದನ್ನು ಮಾಡಿಸಬೇಕು. ವಯಸ್ಸು 55 ದಾಟಿದ, ಸ್ಲೈಡಿನಲ್ಲಿ ಸ್ಪಷ್ಟವಾಗಿ ಗ್ಲಯೋಬ್ಲಾಸ್ಟೋಮಾ ಎಂದು ಕಾಣುವ ಗಡ್ಡೆಯಲ್ಲಿ ಮೊದಲ ಬಣ್ಣ ಹಿಡಿಯದಿದ್ದರೆ ಜೀನನ್ನು ಅಕ್ಷರ ಅಕ್ಷರವಾಗಿ ಓದಿಸುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಪರೀಕ್ಷೆಗಾಗಿ ರೋಗಿ ಊರೂರು ಅಲೆಯಬೇಕಿಲ್ಲ ಎಂಬುದನ್ನೂ ಸೇರಿಸುತ್ತೇನೆ. ಗಡ್ಡೆಯ ಚೂರನ್ನು ಮೇಣದಲ್ಲಿ ಹುದುಗಿಸಿದ ಬ್ಲಾಕನ್ನು ಕಳಿಸಿದರೆ ಸಾಕು, ಮುಂಬೈಗಾಗಲಿ ಬೆಂಗಳೂರಿಗಾಗಲಿ ಅದೊಂದೇ ಹೋಗಿಬರುತ್ತದೆ. ಪರೀಕ್ಷೆ ಮಾಡದಿದ್ದರೆ ಆಗುವ ಖರ್ಚನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೇಡದ ಔಷಧದ ದುಡ್ಡು, ಬೇಕಾದ ಔಷಧ ಸಿಗದೆ ಹೋದ ವರ್ಷಗಳು. ಪಿಂಪ್ರಿ-ಚಿಂಚವಾಡ ಮಹಾನಗರಪಾಲಿಕೆಯ ಯಶವಂತರಾವ್ ಚವಾಣ್ ಆಸ್ಪತ್ರೆಗೆ ಬರುವವರಿಗೂ, ಇಎಸ್‌ಐ ಚೀಟಿ ಹಿಡಿದು ಬರುವ ಕಾರ್ಮಿಕರಿಗೂ, ಮಹಾತ್ಮಾ ಫುಲೆ ಜನಾರೋಗ್ಯ ಯೋಜನೆಯ ಫಲಾನುಭವಿಗಳಿಗೂ, ಮೆದುಳಿನ ಗಡ್ಡೆಯ ಆಪರೇಷನ್ನಿನ ಭಾಗವಾಗಿಯೇ ಈ ಬಣ್ಣಗಳ ಪರೀಕ್ಷೆ ತಾನಾಗಿ ನಡೆಯಬೇಕು. ಕೇಳಿದವರಿಗೆ ಮಾತ್ರ, ಕೊಡಬಲ್ಲವರಿಗೆ ಮಾತ್ರ ಎಂದಾದರೆ ಏಳು ವರ್ಷ ಮತ್ತು ಹದಿನಾಲ್ಕು ವರ್ಷದ ನಡುವಿನ ಅಂತರ ಸಂಬಳದ ಅಂತರವಾಗಿಬಿಡುತ್ತದೆ.

ಮೂರನೆಯ ಭಯವನ್ನು ಜನ ವೈದ್ಯರ ಮುಂದೆ ಬಾಯಿಬಿಟ್ಟು ಹೇಳುವುದಿಲ್ಲ. ಜೀನು ಪರೀಕ್ಷೆ ಎಂದೊಡನೆ ಇದು ಮನೆತನದ ರೋಗವೆಂದು ಊರೆಲ್ಲ ಹಬ್ಬುತ್ತದೆ, ನಾಳೆ ಮಗಳಿಗೆ ಗಂಡು ಸಿಗುವುದಿಲ್ಲ ಎಂಬ ಭಯ. ಹೀಗೆ ಹೆದರಿ ಪರೀಕ್ಷೆಗೆ ಒಪ್ಪದಿರುವುದು ದೊಡ್ಡ ನಷ್ಟ. ಐಡಿಎಚ್ ಬದಲಾವಣೆಯಾಗಲಿ, 1ಪಿ/19ಕ್ಯೂ ನಷ್ಟವಾಗಲಿ, ಎಂಜಿಎಂಟಿಯ ಮುಚ್ಚುವಿಕೆಯಾಗಲಿ ಹುಟ್ಟುವಾಗ ತಂದೆತಾಯಿಯಿಂದ ಬಂದವಲ್ಲ. ಬದುಕಿನ ನಡುವೆ ಮೆದುಳಿನ ಕೋಶವೊಂದರಲ್ಲಿ ಆಗಿ, ಆ ಕೋಶದ ಸಂತತಿಯಲ್ಲಿ ಅಂದರೆ ಗಡ್ಡೆಯಲ್ಲಿ ಮಾತ್ರ ಇರುವಂಥವು. ಮಕ್ಕಳಿಗೆ ಅವು ಹೋಗುವುದಿಲ್ಲ. ಮನೆತನದಲ್ಲಿ ಬರುವ ಮೆದುಳಿನ ಗಡ್ಡೆಗಳೂ ಇವೆ, ಲೀ-ಫ್ರೌಮೆನಿ ಅಥವಾ ನ್ಯೂರೋಫೈಬ್ರೊಮಟೋಸಿಸ್ ಇರುವ ಕುಟುಂಬಗಳಂತೆ, ಆದರೆ ಅವು ವಿರಳ. ಅವುಗಳ ಪರೀಕ್ಷೆ ಬೇರೆ, ಅದಕ್ಕೆ ಬೇರೆಯೇ ಸಲಹೆ, ಒಪ್ಪಿಗೆಗಳು ಬೇಕು.

ಕೊನೆಯ ಆಕ್ಷೇಪ ಕರುಣೆಯಿಂದ ಹುಟ್ಟಿದ್ದು, ಹಾಗಾಗಿ ಅದನ್ನು ಎಚ್ಚರದಿಂದ ಎದುರಿಸಬೇಕು. ಗುರುತು ಕೆಟ್ಟದ್ದೆಂದು ಬಂದರೆ ಆ ಮನುಷ್ಯನ ಉಳಿದ ದಿನಗಳನ್ನೂ ಕಿತ್ತುಕೊಂಡಂತಲ್ಲವೇ? ನಮ್ಮ ಮನೆಗಳಲ್ಲಿ ರೋಗಿಗೆ ಹೇಳದೆ ಅಣ್ಣತಮ್ಮಂದಿರು ಮಾತ್ರ ತಿಳಿದುಕೊಳ್ಳುವುದು ವಾಡಿಕೆ. ನಾನು ಹೇಳುವುದು ಇಷ್ಟು: ವರದಿಯಲ್ಲಿ ಇರುವುದು ಗಡ್ಡೆಯ ಬಗೆ, ದಿನಾಂಕವಲ್ಲ. ಮಧ್ಯಾಂಕ 15 ತಿಂಗಳು ಎಂದರೆ ಅರ್ಧ ಜನ ಅದಕ್ಕಿಂತ ಹೆಚ್ಚು ಕಾಲ ಬದುಕಿದ್ದರು ಎಂದೇ ಅರ್ಥ. ಟೆಮೊಝೊಲೊಮೈಡಿನ ಮೂಲ ಪ್ರಯೋಗದಲ್ಲಿ ಮಧ್ಯಾಂಕ 14.6 ತಿಂಗಳಾಗಿದ್ದರೂ ನೂರಕ್ಕೆ ಹತ್ತಿರಹತ್ತಿರ ಹತ್ತು ಮಂದಿ ಐದು ವರ್ಷ ದಾಟಿದರು, ಕಿರಣ ಮಾತ್ರ ಪಡೆದವರಲ್ಲಿ ಆ ಭಾಗ್ಯ ಇಬ್ಬರಿಗೆ. ಎದುರಿಗಿರುವ ಮನುಷ್ಯ ಆ ಹತ್ತರಲ್ಲಿ ಒಬ್ಬನೇ ಅಲ್ಲವೇ ಎಂದು ಯಾವ ಜೀನೂ ಇಂದು ಹೇಳಲಾರದು. ರೋಗಿ ತಾನಾಗಿ ಕೇಳಿದರೆ ಅಂಕಿಯನ್ನು ಇಷ್ಟೆಲ್ಲ ವಿವರದೊಂದಿಗೆ ಹೇಳಬೇಕು, ಕೇಳದಿದ್ದರೆ ಒತ್ತಾಯಿಸಿ ಹೇಳಬೇಕಾಗಿಲ್ಲ. ಆದರೆ ಅಂಕಿಯ ಭಯಕ್ಕೆ ಪರೀಕ್ಷೆಯನ್ನೇ ಬಿಟ್ಟರೆ, ಚಿಕಿತ್ಸೆ ಆರಿಸುವ ದಾರಿಯೂ ಅದರೊಂದಿಗೆ ಮುಚ್ಚಿಹೋಗುತ್ತದೆ.

ಆ ದಾರಿ ಈಚೆಗೆ ಇನ್ನಷ್ಟು ತೆರೆದಿದೆ. ಬದಲಾದ ಐಡಿಎಚ್ ಕಿಣ್ವವನ್ನೇ ತಡೆಯುವ ವೊರಾಸಿಡೆನಿಬ್ ಎಂಬ ಮಾತ್ರೆಯ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. ಆಪರೇಷನ್ ಮಾತ್ರ ಆಗಿ, ಕಿರಣವಾಗಲಿ ಕೀಮೋ ಆಗಲಿ ಇನ್ನೂ ಪಡೆಯದ ಎರಡನೆಯ ದರ್ಜೆಯ ಗಡ್ಡೆಯ 331 ರೋಗಿಗಳಲ್ಲಿ, ರೋಗ ಮುಂದುವರಿಯದೆ ಇದ್ದ ಕಾಲ ಔಷಧ ಪಡೆದವರಲ್ಲಿ 27.7 ತಿಂಗಳು, ಹುಸಿಮಾತ್ರೆ ಪಡೆದವರಲ್ಲಿ 11.1 ತಿಂಗಳು. 2024ರ ಆಗಸ್ಟಿನಲ್ಲಿ ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟಿತು. ಬೆಲೆ ಇವತ್ತಿಗೆ ನಮ್ಮ ಕೈಗೆ ಎಟುಕುವಂಥದ್ದಲ್ಲ, ಆಯುಷ್ಯವನ್ನು ಎಷ್ಟು ಹಿಗ್ಗಿಸುತ್ತದೆ ಎಂಬ ಲೆಕ್ಕಕ್ಕೆ ಇನ್ನೂ ವರ್ಷಗಳು ಬೇಕು. ಟೆಮೊಝೊಲೊಮೈಡಿನ ಬೆಲೆ ಇಳಿದಂತೆ ಇದರದ್ದೂ ಇಳಿದ ದಿನ, ಯಾರಿಗೆ ಅದು ಸಲ್ಲುತ್ತದೆಂದು ಹೇಳುವುದು ಅದೇ ಐಡಿಎಚ್ ಪರೀಕ್ಷೆ. ಐದಾರು ವರ್ಷಗಳ ಹಿಂದೆ ಈ ಪರೀಕ್ಷೆ ಇಲ್ಲದೆಯೇ ಕೆಳದರ್ಜೆಯ ಗ್ಲಯೋಮಾ ತೆಗೆಸಿಕೊಂಡು, ವರ್ಷಕ್ಕೊಮ್ಮೆ ಎಂಆರ್‌ಐ ಮಾಡಿಸಿಕೊಂಡು ಕೆಲಸಕ್ಕೆ ಹೋಗುತ್ತಿರುವವರು ನಿಮ್ಮ ಮನೆಯಲ್ಲಿದ್ದರೆ, ಆಪರೇಷನ್ ಆದ ಆಸ್ಪತ್ರೆಯ ರೋಗಶಾಸ್ತ್ರ ವಿಭಾಗಕ್ಕೆ ಹೋಗಿ ಅವರ ಗಡ್ಡೆಯ ಬ್ಲಾಕ್ ಇನ್ನೂ ಇದೆಯೇ ಎಂದು ವಿಚಾರಿಸಿ. ಇದ್ದರೆ ಅದರ ಮೇಲೆ ಐಡಿಎಚ್ ಪರೀಕ್ಷೆ ಮಾಡಿಸಬೇಕೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಮೇಣದಲ್ಲಿರುವ ಅಂಗಾಂಶದಿಂದ ವರ್ಷಗಳ ಮೇಲೂ ಈ ಉತ್ತರ ಪಡೆಯಬಹುದು.